ಕಾಲ ಬುಡದಲ್ಲಿ ಏಡಿ

ಭಾನುವಾರ ಬೆಳಿಗ್ಗೆ ಭಾವನ ಜೊತೆ ಕೋಡಿ ಬೆಂಗ್ರೆ ಹತ್ತಿರದ ಹಿನ್ನೀರಿಗೆ ಏಡಿ, ಸಿಗಡಿ ಹಿಡಿಯಲು ಕಯಾಕ್ (ಹುಟ್ಟು ಹಾಕುವ ಕಿರುದೋಣಿ) ಇಳಿಸಿದ್ದೆ. ಸೀತಾ, ಸ್ವರ್ಣಾ ನದಿಗಳು ಸಮುದ್ರ ಸೇರುವ ಜಾಗ. ಉಬ್ಬರ ಏರುತ್ತಿತ್ತು. ಕಬ್ಬಿಣದ ಬಳೆಗೆ ಕಟ್ಟಿದ ನಾಲ್ಕು ಬಲೆ, ಪ್ರತಿಯೊಂದರ ನಡುವೆ ಒಂದೊಂದು ಬಂಗುಡೆ ತಲೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬದಿಗೆ ಬಿಟ್ಟು, ಹಗ್ಗದ ತುದಿಗೆ ಖಾಲಿ ಬಾಟಲಿ ಕಟ್ಟಿ ಕಾಯುವುದು.

ಎತ್ತುವಾಗ ಮಾತ್ರ ಒಂದೇ ಉಸಿರಿಗೆ ಎಳೆಯಬೇಕು. ತಡ ಮಾಡಿದರೆ ಏಡಿ ಜಾರಿ ಹೋಗುತ್ತದೆ, ಜೋರು ಮಾಡಿದರೆ ನಾವೇ ಮಗುಚುತ್ತೇವೆ! ಸಿಗಡಿಗೆ ಬೀಸುಬಲೆ ಬೇಕು. ಕಯಾಕ್‌ನಲ್ಲಿ ಕೂತು ಬೀಸಿದೆ, ಬಲೆ ಅರಳಲೇ ಇಲ್ಲ. ಒದ್ದೆ ಟವೆಲ್ ಎಸೆದ ಹಾಗೆ ಬಿತ್ತು. ಅದರಲ್ಲೂ ಆರು ಸಿಗಡಿ ಸಿಕ್ಕಿದ್ದು ಅವುಗಳ ಗ್ರಹಚಾರ.

ಮೂರನೇ ಬಲೆಯಲ್ಲಿ ದೊಡ್ಡದೊಂದು ಏಡಿ. ಕೊಂಬು, ಅಂದರೆ ಕಚ್ಚುವ ಇಕ್ಕಳ, ಕಟ್ಟುವ ಮೊದಲೇ ಕೈತಪ್ಪಿ ನನ್ನ ಕಾಲ ಬುಡಕ್ಕೆ ಬಿತ್ತು. ದೊಡ್ಡ ದೋಣಿಯಾದರೆ ಹಿಂದೆ ಸರಿಯಬಹುದು. ಇಲ್ಲಿ ಎಲ್ಲಿಗೆ ಹೋಗುವುದು? ಉಸಿರು ಬಿಗಿಹಿಡಿದು ಕೂತೆ. ಭಾವ ಹಿಂದಿನಿಂದ ಅದರ ಬೆನ್ನು ಒತ್ತಿ ಹಿಡಿದು ತಿರುಗಿಸಿದರು. ಹೊಟ್ಟೆಯ ಮುಚ್ಚಳ ಅಗಲವಾಗಿ, ದುಂಡಗಿತ್ತು. ಅಂದರೆ ಹೆಣ್ಣು. ಅಡಿಯಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಯ ಗೊಂಚಲು.

"ಬಿಡು ಮಾರಾಯ, ಬಸುರಿ" ಅಂದರು.

ಅಷ್ಟು ಹೊತ್ತು ನನ್ನನ್ನು ಹೆದರಿಸಿದ್ದು ಅದೋ, ಅದನ್ನು ಹೆದರಿಸಿದ್ದು ನಾನೋ ಅಂತ ಸುಮ್ನೆ ಒಂದು ಯೋಚನೆ ಬಂತು. ನೀರಿಗೆ ಬಿಟ್ಟ ಕೂಡಲೇ ಕೆಸರು ಎಬ್ಬಿಸಿ ಮಾಯ.

ಮನೆಗೆ ತಂದಿದ್ದು ಎರಡು ಗಂಡು ಏಡಿ, ಆರು ಸಿಗಡಿ. ಅಕ್ಕ ಚೀಲ ನೋಡಿ, ಮೊಟ್ಟೆ ಬೇಯಿಸಲು ಇಟ್ಟಳು.