ಕತ್ತರಿ ಗುರುತು, ಹೆಬ್ಬೆಟ್ಟು

ಅಮೆರಿಕದ ಸೇಂಟ್ ಲೂಯಿಸ್‌ಗೆ ಬಂದು ಒಂಬತ್ತು ವರ್ಷವಾದರೂ, ಮಿಸಿಸಿಪ್ಪಿ ದಡದ ಕಮಾನನ್ನು ನೋಡಲು ಬರುವ ನೆಂಟರಿಗೆ ಅದರ ಎದುರಿನ ಹಳೆಯ ಕೌಂಟಿ ಕೋರ್ಟನ್ನು ನಾನು ದೂರದಿಂದಲೇ ತೋರಿಸಿ ಮುಂದೆ ಸಾಗುತ್ತಿದ್ದೆ. ದುರಸ್ತಿಗೆಂದು ಮುಚ್ಚಿದ್ದ ಆ ಕಟ್ಟಡ 2025ರ ಮೇ ತಿಂಗಳಲ್ಲಿ ಮತ್ತೆ ತೆರೆದ ಮೇಲೆ, ಶಾಲೆಯಲ್ಲಿ ಅದರ ಪಾಠ ಕೇಳಿ ಬಂದಿದ್ದ ಮಗಳೇ ನನ್ನನ್ನು ಒಳಗೆ ಕರೆದುಕೊಂಡು ಹೋದಳು.

ಈ ಜಾಗ 1816ರಲ್ಲಿ ಶೂಟೋ, ಲ್ಯೂಕಸ್ ಎಂಬ ಇಬ್ಬರು ಜಮೀನುದಾರರು ಕೋರ್ಟಿಗೆಂದೇ ಬಿಟ್ಟುಕೊಟ್ಟದ್ದು. 1839ರಲ್ಲಿ ಆರಂಭವಾದ ಕಟ್ಟಡಕ್ಕೆ ಈಗಿನ ಕಬ್ಬಿಣದ ಗುಮ್ಮಟ ಕೂತು ಕೆಲಸ ಮುಗಿದದ್ದು 1862ರಲ್ಲಿ. 1930ರಲ್ಲಿ ನ್ಯಾಯಾಲಯ ಬೇರೆಡೆಗೆ ಹೋದದ್ದೇ ತಡ, ದಾನಿಗಳ ವಾರಸುದಾರರು ಜಾಗ ವಾಪಸು ಕೊಡಿ ಎಂದು ದಾವೆ ಹೂಡಿದರಂತೆ. ನಮ್ಮ ಕಡೆಯ ದಾಯಾದಿಗಳು ನೆನಪಾಗಿ ನಕ್ಕೆ. ಆದರೆ ಸತ್ತವರ ಆಸ್ತಿ ವಿಲೇವಾರಿಗೆಂದು ಇದೇ ಮೆಟ್ಟಿಲುಗಳ ಮೇಲೆ ಮನುಷ್ಯರನ್ನು ಹರಾಜು ಹಾಕುತ್ತಿದ್ದರು ಎಂದು ಮಗಳು ಹೇಳಿದಾಗ ನಗು ಉಳಿಯಲಿಲ್ಲ.

ಗುಲಾಮರಾಗಿದ್ದ ಡ್ರೆಡ್ ಸ್ಕಾಟ್ ಮತ್ತು ಅವನ ಹೆಂಡತಿ ಹ್ಯಾರಿಯೆಟ್ 1846ರ ಏಪ್ರಿಲ್ 6ರಂದು ತಮ್ಮ ಬಿಡುಗಡೆ ಕೋರಿ ಅರ್ಜಿ ಹಾಕಿದ್ದು ಈ ಊರಿನ ಕೋರ್ಟಿಗೆ. ಅವರಂತೆ ಗುಲಾಮಗಿರಿ ನಿಷಿದ್ಧವಾದ ನೆಲದಲ್ಲಿ ವರ್ಷಗಟ್ಟಲೆ ಬಾಳಿದವರು ಸ್ವತಂತ್ರರೆಂದು ಈ ಊರಿರುವ ಮಿಸೌರಿ ರಾಜ್ಯದ ನ್ಯಾಯಾಲಯಗಳು ಮೊದಲಿನಿಂದ ಒಪ್ಪುತ್ತಾ ಬಂದಿದ್ದವು. ಇಂಥ ಮುನ್ನೂರಕ್ಕೂ ಹೆಚ್ಚು ದಾವೆಗಳ ಕಡತ ಇಲ್ಲಿ ಉಳಿದಿದೆ. 1847ರಲ್ಲಿ ಸಾಕ್ಷ್ಯದ ತೊಡಕಿನಿಂದ ಸೋತ ಸ್ಕಾಟ್ ದಂಪತಿಗಳನ್ನು 1850ರಲ್ಲಿ ಜ್ಯೂರಿ ಬಿಡುಗಡೆ ಮಾಡಿತು, 1852ರಲ್ಲಿ ರಾಜ್ಯದ ಉನ್ನತ ನ್ಯಾಯಾಲಯ ಅದನ್ನು ತಳ್ಳಿಹಾಕಿತು, 1857ರಲ್ಲಿ ದೇಶದ ಸುಪ್ರೀಂ ಕೋರ್ಟು ಕರಿಯರು ಪ್ರಜೆಗಳೇ ಅಲ್ಲ ಎಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಹೊಸ ಒಡೆಯನೇ ಅವರನ್ನು ಬಿಟ್ಟುಕೊಟ್ಟ. ಹನ್ನೊಂದು ವರ್ಷ ಅಲೆದ ಡ್ರೆಡ್ ಅನುಭವಿಸಿದ ಸ್ವಾತಂತ್ರ್ಯ ಸುಮಾರು ಹದಿನಾರು ತಿಂಗಳಿನದು.

ಮಗಳ ಕೈಯಲ್ಲಿ ಆ ಅರ್ಜಿಯ ನಕಲೊಂದಿತ್ತು. ಹೆಸರಿನ ನಡುವೆ, ರುಜು ಇರಬೇಕಾದಲ್ಲಿ, ಒಂದು ಕತ್ತರಿ ಗುರುತು. "ಅಪ್ಪಾ, ಇದು ತಾತನ ಪೆಟ್ಟಿಗೇಲಿದ್ದ ಹೆಬ್ಬೆಟ್ಟಿನ ಹಾಗೇ ಅಲ್ವಾ? ಅದನ್ನ ಒತ್ತಿದವರೂ ಕೋರ್ಟಿಗೆ ಹೋಗಿದ್ರಾ?" ಎಂದಳು.

ಹಿಂದಿನ ಬೇಸಿಗೆಯಲ್ಲಿ ಊರಿಗೆ ಹೋದಾಗ, ಪಹಣಿ ಹುಡುಕಲು ಅಪ್ಪ ತಗಡಿನ ಪೆಟ್ಟಿಗೆ ತೆಗೆದಿದ್ದರು. ಮಗಳ ಕೈಗೆ ಸಿಕ್ಕಿದ್ದು ಪಹಣಿಯಲ್ಲ. ಎಂಬತ್ತು ರೂಪಾಯಿ ಸಾಲ ತೀರುವವರೆಗೆ ಮನೆಯಲ್ಲಿ ದುಡಿಯುತ್ತೇನೆಂಬ ಕರಾರು. ಕೆಳಗೆ ಮಾಸಿದ ನೇರಳೆ ಶಾಯಿಯ ಹೆಬ್ಬೆಟ್ಟು, ಪಕ್ಕದಲ್ಲಿ ಮುತ್ತಾತನ ದುಂಡಗಿನ ರುಜು. ಅಪ್ಪ ಅದನ್ನು ಮೆಲ್ಲಗೆ ತೆಗೆದುಕೊಂಡು ತಳಕ್ಕೆ ಸೇರಿಸಿದ್ದರು. ಜೀತ ರದ್ದು ಮಾಡುವ ಕಾನೂನು ಬಂದದ್ದು 1976ರಲ್ಲಿ. ಆಮೇಲೆಯೂ ಆ ಹೆಬ್ಬೆಟ್ಟು ಒತ್ತಿದವನು ನಮ್ಮ ಕೊಟ್ಟಿಗೆಗೆ ಬರುತ್ತಿದ್ದುದು, ತಾತನ ವಯಸ್ಸಿನವನನ್ನು ಐದು ವರ್ಷದ ನಾನು 'ಲೇ' ಎಂದು ಕೂಗುತ್ತಿದ್ದುದು, ಅವನು ಓಗೊಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ಕತ್ತರಿ ಗುರುತು ಹಾಕಿದವನು ಬಿಡಿಸಿಕೊಳ್ಳಲು ಹಾಕಿದ್ದ. ನಮ್ಮ ಪೆಟ್ಟಿಗೆಯ ಗುರುತು ಕಟ್ಟಿಹಾಕಿಸಿಕೊಂಡವನದು. ಓದುಬರಹ ಬಾರದವರನ್ನು ಹೆಬ್ಬೆಟ್ಟು ಎಂದು ಹಳಿಯುವ ನಾವು, ಆ ಹೆಬ್ಬೆಟ್ಟನ್ನು ಒತ್ತಿಸಿಕೊಂಡವರಿಗೆ ಒಂದು ಹೆಸರಿಟ್ಟಿಲ್ಲ.

"ಇಲ್ಲ, ಹೋಗಿರಲಿಲ್ಲ" ಎಂದಷ್ಟೇ ಹೇಳಿದೆ. ಅವಳು ಯಾಕೆಂದು ಕೇಳಿದಳು. ನಾನು ಗುಮ್ಮಟದ ಚಿತ್ರಗಳನ್ನು ತೋರಿಸಿದೆ.

ಭಾನುವಾರ ಫೋನಿನಲ್ಲಿ ಆ ಕರಾರಿನ ಫೋಟೋ ಕಳಿಸಿ ಎಂದಾಗ ಅಪ್ಪ, "ಅದೆಲ್ಲ ಈಗ್ಯಾಕಪ್ಪ?" ಎಂದು ಮಳೆಯ ಮಾತಿಗೆ ಹೊರಳಿದರು. ಎರಡು ದಿನ ಬಿಟ್ಟು ವಾಟ್ಸಾಪ್‌ನಲ್ಲಿ ಫೋಟೋ ಬಂತು. ತಂದೆಯ ಹೆಸರು, ಊರು ಸಮೇತ ಹೆಬ್ಬೆಟ್ಟು ಒತ್ತಿದವರ ಪೂರ್ತಿ ಹೆಸರನ್ನು ನಾನು ಮೊದಲ ಸಲ ಓದಿದೆ. ಹೆಬ್ಬೆಟ್ಟು ಸ್ಪಷ್ಟವಾಗಿತ್ತು, ಕಾಗದ ಹಿಡಿದ ಅಪ್ಪನ ಹೆಬ್ಬೆರಳು ಮುತ್ತಾತನ ರುಜುವನ್ನು ಮುಚ್ಚಿತ್ತು.