ಅಂಟು ಒಣಗುವಾಗ ಲೆನ್ಸ್ ಎಲ್ಲಿಗೆ ಹೋಗುತ್ತೆ?

ಸರ್ವರ್ ರೂಮಿನಲ್ಲಿ ಕೆಲಸ ಮಾಡುವವರಿಗೆ ಕ್ಯೂಎಸ್‌ಎಫ್‌ಪಿ ಮಾಡ್ಯೂಲ್ ಹೊಸದಲ್ಲ. ಸ್ವಿಚ್ಚಿನ ಮುಖಕ್ಕೆ ಸಾಲಾಗಿ ಸಿಕ್ಕಿಸಿರುತ್ತಾರಲ್ಲ, ನಡುಬೆರಳಿನಷ್ಟು ಉದ್ದದ ಲೋಹದ ಡಬ್ಬಿ, ಅದೇ. ಹಿಂದಿನಿಂದ ಕರೆಂಟಿನ ಸಿಗ್ನಲ್ ಒಳಗೆ ಹೋಗುತ್ತೆ, ಮುಂದಿನಿಂದ ಬೆಳಕಾಗಿ ಫೈಬರ್‌ಗೆ ಹೊರಡುತ್ತೆ. ಕೆಟ್ಟರೆ ಕಿತ್ತು ಬೇರೆ ಹಾಕುತ್ತಾರೆ, ಅಷ್ಟೇ. ಮುಚ್ಚಳ ತೆಗೆದು ಒಳಗೆ ನೋಡಿದವರು ತುಂಬಾ ಕಡಿಮೆ. ನನ್ನ ಕೆಲಸವೆಲ್ಲ ಆ ಮುಚ್ಚಳದ ಒಳಗೇ. ಬೋರ್ಡಿನ ಮೇಲೆ ಲೇಸರ್ ಕೂರಿಸೋದು, ಅದರ ಮೇಲೆ ಲೆನ್ಸ್ ಕೂರಿಸೋದು, ಎರಡೂ ಒಂದಕ್ಕೊಂದು ಸರಿಯಾಗಿ ಕೂತು ಹಾಗೇ ನಿಲ್ಲೋ ಹಾಗೆ ನೋಡಿಕೊಳ್ಳೋದು. ಬೆಂಗಳೂರಿನ ಪೀಣ್ಯ ಕಡೆಯ ಒಂದು ಸಣ್ಣ ಯೂನಿಟ್‌ನಲ್ಲಿ ಇದ್ದಾಗ, ಒಂದು ಮಳೆಗಾಲದಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಕೆಲವು ದಿನಗಳಲ್ಲಿ ಕಲಿತಷ್ಟು ನಾನು ಯಾವ ಟ್ರೈನಿಂಗ್‌ನಲ್ಲೂ ಕಲಿತಿಲ್ಲ.

ಮೊದಲು ಒಳಗೆ ಏನಿದೆ ಹೇಳುತ್ತೇನೆ. ನಾವು ಮಾಡುತ್ತಿದ್ದದ್ದು 100 ಗಿಗಾಬಿಟ್‌ನ ಎಸ್‌ಆರ್4 ಮಾಡ್ಯೂಲ್. 4 ಲೇನ್, ಒಂದೊಂದಕ್ಕೆ 25 ಗಿಗಾಬಿಟ್, ಓಎಂ4 ಅನ್ನುವ ಮಲ್ಟಿಮೋಡ್ ಫೈಬರ್‌ನಲ್ಲಿ 100 ಮೀಟರ್ ದಾಟಬೇಕು. ಹಸಿರು ಬೋರ್ಡಿನ ಮೇಲೆ ಡ್ರೈವರ್ ಚಿಪ್ಪು, ಅದರ ಪಕ್ಕ 4 ಲೇಸರ್‌ಗಳಿರುವ ಒಂದು ಸಣ್ಣ ಚೂರು. ಇದಕ್ಕೆ ವಿಕ್ಸೆಲ್ ಅಂತಾರೆ. ಜಪಾನಿನ ಕೆನಿಚಿ ಇಗಾ 1977ರಲ್ಲಿ ಇದರ ಯೋಚನೆ ಮುಂದಿಟ್ಟರು. ಬೆಳಕು ಚಿಪ್ಪಿನ ಅಂಚಿನಿಂದ ಬರದೆ ನೇರ ಮೇಲಕ್ಕೆ ಹೊರಡೋದೇ ಇದರ ವಿಶೇಷ. ಅದೇ ಸಾಲಿನಲ್ಲಿ ಸ್ವಲ್ಪ ದೂರ ಬಿಟ್ಟು, ಬರುವ ಬೆಳಕನ್ನು ಹಿಡಿಯೋಕೆ 4 ಫೋಟೋಡಯೋಡ್. ಪಕ್ಕಪಕ್ಕದ ಎರಡರ ನಡುವೆ 250 ಮೈಕ್ರಾನ್, ಅಂದರೆ ಕಾಲು ಮಿಲಿಮೀಟರ್. ಕನೆಕ್ಟರ್‌ನಲ್ಲಿ 12 ಫೈಬರ್ ಇರುತ್ತೆ. ಒಂದು ತುದಿಯ 4 ಕಳಿಸೋಕೆ, ಇನ್ನೊಂದು ತುದಿಯ 4 ತಗೊಳ್ಳೋಕೆ, ನಡುವಿನ 4 ಖಾಲಿ. ಈ ತುದಿಯಿಂದ ಆ ತುದಿಗೆ 2.75 ಮಿಲಿಮೀಟರ್. ಈ ಅಳತೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಲೇಸರ್ ಬೆಳಕು ಮೇಲಕ್ಕೆ ಬರುತ್ತೆ, ಆದರೆ ಫೈಬರ್ ಬೋರ್ಡಿಗೆ ಸಮನಾಗಿ ಮಲಗಿರುತ್ತೆ. ಬೆಳಕನ್ನು ಅಡ್ಡಕ್ಕೆ ತಿರುಗಿಸಬೇಕಲ್ಲ, ಅದಕ್ಕೇ ಲೆನ್ಸ್ ಬ್ಲಾಕ್. ಅಲ್ಟೆಮ್ ಅನ್ನುವ ಪ್ಲಾಸ್ಟಿಕ್‌ನಿಂದ ಅಚ್ಚು ಹೊಯ್ದದ್ದು, ಬಣ್ಣ ಜೇನಿನದು. ತಳದಲ್ಲಿ ಬರಿಗಣ್ಣಿಗೆ ಚುಕ್ಕಿಯಷ್ಟೇ ಕಾಣುವ ಲೆನ್ಸ್‌ಗಳ ಸಾಲು, ಒಳಗೆ 45 ಡಿಗ್ರಿಯ ಓರೆ ಮುಖ. ಆ ಓರೆ ಮುಖಕ್ಕೆ ಬಡಿದ ಬೆಳಕು ಪಕ್ಕಕ್ಕೆ ತಿರುಗಿ ಫೈಬರ್‌ನ 50 ಮೈಕ್ರಾನ್ ಕೋರ್, ಅಂದರೆ ಬೆಳಕು ಸಾಗುವ ನಡುಭಾಗದ ಒಳಗೆ ಇಳಿಯಬೇಕು. ಬ್ಲಾಕ್ ಅಡಿಯಲ್ಲೇ 25 ಮೈಕ್ರಾನ್‌ನ ಚಿನ್ನದ ತಂತಿಗಳು ಕಮಾನಾಗಿ ಎದ್ದಿರುತ್ತವೆ. ಬ್ಲಾಕ್ ಸ್ವಲ್ಪ ಕೆಳಗೆ ಹೋಗಿ ತಗುಲಿದರೂ ಬೋರ್ಡ್ ಹೋಯಿತು ಅಂತಲೇ ಲೆಕ್ಕ.

ಈ ಬ್ಲಾಕನ್ನು ಹೊಂದಿಸೋದು ಮೆಷಿನ್. ಗ್ರಿಪ್ಪರ್ ಬ್ಲಾಕನ್ನು ಹಿಡಿದಿರುತ್ತೆ, ಫೈಬರ್ ಸಿಕ್ಕಿಸಿರುತ್ತೆ, ಲೇಸರ್‌ಗೆ ಕರೆಂಟ್ ಕೊಟ್ಟು ಉರಿಸಿರುತ್ತೇವೆ. 850 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣೋದಿಲ್ಲ ಅಂತಲೇ ಇಟ್ಟುಕೊಳ್ಳಿ, ಆದರೆ ಕ್ಯಾಮೆರಾಗೆ ಕಾಣುತ್ತೆ. ಪರದೆಯ ಮೇಲೆ 4 ಬಿಳಿ ಚುಕ್ಕಿ ಸಾಲಾಗಿ ಹೊಳೆಯೋದನ್ನು ನಾನು ಎಷ್ಟು ಸಲ ನೋಡಿದರೂ ಬೇಜಾರಾಗಿಲ್ಲ. ಮೆಷಿನ್ ಬ್ಲಾಕನ್ನು ಒಂದೊಂದೇ ಮೈಕ್ರಾನ್ ಆಚೀಚೆ ಸರಿಸುತ್ತಾ ಪವರ್ ಮೀಟರ್ ನೋಡುತ್ತೆ. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಜಾಸ್ತಿ ಬೆಳಕು ಬಂದ ಜಾಗದಲ್ಲಿ ನಿಲ್ಲಿಸಿದರೆ ಆಯಿತು ಅಂದುಕೊಳ್ಳುತ್ತಾರೆ. ಮಲ್ಟಿಮೋಡ್ ಫೈಬರ್‌ನಲ್ಲಿ ಹಾಗಲ್ಲ. ಕೋರ್ ಅಗಲ ಇರೋದರಿಂದ ಎಷ್ಟೋ ಮೈಕ್ರಾನ್ ಸರಿಸಿದರೂ ಮೀಟರ್ ಅಷ್ಟನ್ನೇ ತೋರಿಸುತ್ತಿರುತ್ತೆ, ಆಮೇಲೆ ಒಮ್ಮೆಲೇ ಬಿದ್ದುಹೋಗುತ್ತೆ. ಹಾಗಾಗಿ ಈ ಕಡೆ ಎಲ್ಲಿ ಬೀಳುತ್ತೆ, ಆ ಕಡೆ ಎಲ್ಲಿ ಬೀಳುತ್ತೆ ಅಂತ ಎರಡು ಅಂಚನ್ನೂ ಹುಡುಕಿ ಸರಿಯಾಗಿ ನಡುವೆ ನಿಲ್ಲಬೇಕು. ಅಂಚಿನ ಹತ್ತಿರ ನಿಂತರೂ ಆ ಕ್ಷಣಕ್ಕೆ ಮೀಟರ್ ಚೆನ್ನಾಗೇ ಓದುತ್ತೆ. ಅಂಟು ಒಣಗುವಾಗ ನಾಲ್ಕೈದು ಮೈಕ್ರಾನ್ ಎಳೆದರೆ ಸಾಕು, ಮುಗಿಯಿತು.

ಅಂಟಿನದೇ ಇಲ್ಲಿ ಎಲ್ಲಾ ಆಟ. ನಾವು ಬಳಸುತ್ತಿದ್ದದ್ದು ಯುವಿ ಬೆಳಕಿಗೆ ಗಟ್ಟಿಯಾಗಿ, ಆಮೇಲೆ ಓವನ್ ಬಿಸಿಗೆ ಪೂರ್ತಿ ಬಲಿಯುವ ಎಪಾಕ್ಸಿ. ಎರಡೂ ಯಾಕೆ ಬೇಕು ಅಂದರೆ, ಆ ಜೇನುಬಣ್ಣದ ಅಲ್ಟೆಮ್ ಯುವಿಯನ್ನು ತನ್ನ ಮೂಲಕ ಹೋಗೋಕೆ ಬಿಡೋದಿಲ್ಲ. ಬ್ಲಾಕಿನ ಅಡಿಗೆ ಹರಿದ ಅಂಟು ನೆರಳಲ್ಲೇ ಉಳಿಯುತ್ತೆ. ಯುವಿಗೆ ಗಟ್ಟಿಯಾಗೋದು ಬದಿಯಲ್ಲಿ ಹೊರಗೆ ಕಾಣುವ ಅಂಟು ಮಾತ್ರ, ಉಳಿದದ್ದು ಓವನ್‌ನಲ್ಲಿ. ಎಂಥಾ ಒಳ್ಳೆಯ ಅಂಟಾದರೂ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗೇ ಕುಗ್ಗುತ್ತೆ. ಕುಗ್ಗುವಾಗ ಲೆನ್ಸನ್ನೂ ಜೊತೆಗೆ ಎಳೆಯುತ್ತೆ. ಎರಡೂ ಬದಿಯಲ್ಲಿ ಒಂದೇ ಸಮ ಎಳೆದರೆ ತೊಂದರೆ ಇಲ್ಲ, ಅದಕ್ಕೇ ಎಡಕ್ಕೊಂದು ಬಲಕ್ಕೊಂದು ಲೈಟ್ ಗೈಡ್ (ಲ್ಯಾಂಪಿನಿಂದ ಯುವಿ ತರುವ ಕೊಳವೆ) ಇಟ್ಟು ಒಟ್ಟಿಗೆ ಯುವಿ ಬಿಡೋದು.

ಆ ಮಳೆಗಾಲದಲ್ಲಿ ಆದದ್ದು ಏನಪ್ಪಾ ಅಂದರೆ, ಅಲೈನ್‌ಮೆಂಟ್ ಸ್ಟೇಷನ್‌ನಲ್ಲಿ ಚೆನ್ನಾಗೇ ಪಾಸಾದ ಬೋರ್ಡುಗಳು ಓವನ್‌ನಿಂದ ಹೊರಗೆ ಬಂದ ಮೇಲೆ ಫೇಲ್ ಆಗೋಕೆ ಶುರುವಾದವು. ಕಳಿಸುವ ಕಡೆಯ ಮೊದಲ ಚಾನೆಲ್ ಸರಿಯಾಗೇ ಇರುತ್ತಿತ್ತು. ತಗೊಳ್ಳುವ ಕಡೆಯ ಕೊನೆಯ ಚಾನೆಲ್ ಮಾತ್ರ 2 ಡಿಬಿ, ಕೆಲವದರಲ್ಲಿ 3 ಡಿಬಿ ಕೆಳಗೆ. 3 ಡಿಬಿ ಅಂದರೆ ಅರ್ಧ ಬೆಳಕು ಹೋಯಿತು ಅಂತ. ಒಂದೆರಡು ಬೋರ್ಡಾಗಿದ್ದರೆ ಪಕ್ಕಕ್ಕಿಟ್ಟು ಮುಂದೆ ಹೋಗಬಹುದಿತ್ತು. ಟ್ರೇಗೆ ಟ್ರೇಯೇ ಬರತೊಡಗಿತು, ಅದೂ ಡಿಸ್ಪ್ಯಾಚ್ ಹತ್ತಿರ ಬಂದಿದ್ದ ಹೊತ್ತಿನಲ್ಲಿ.

ಮೀಟಿಂಗ್ ಕರೆದರು. ಹೊರಗೆ ಮಳೆ ಹಿಡಿದಿತ್ತು, ಹಾಗಾಗಿ ಮೊದಲ ಅನುಮಾನ ತೇವದ ಮೇಲೆ. ಎರಡನೆಯದು ಅಂಟಿನ ಮೇಲೆ. ಆ ಅಂಟು ಸಿರಿಂಜ್‌ನಲ್ಲಿ ತುಂಬಿ ಮೈನಸ್ 40 ಡಿಗ್ರಿ ಫ್ರೀಜರ್‌ನಲ್ಲಿ ಇಡುವಂಥದ್ದು. ದಾರಿಯಲ್ಲಿ ಎಲ್ಲೋ ಬಿಸಿಯಾಗಿ ಹಾಳಾಗಿರಬಹುದು, ಲಾಟ್ ವಾಪಸ್ ಕಳಿಸೋಣ ಅಂದರು. ಮೂರನೆಯದು ಬೋರ್ಡಿನ ಮೇಲೆ, ರೀಫ್ಲೋ, ಅಂದರೆ ಬಿಸಿ ಮಾಡಿ ಬೆಸುಗೆ ಕರಗಿಸೋದು, ಆದ ಮೇಲೆ ಬೋರ್ಡ್ ಸ್ವಲ್ಪ ಬಾಗಿರೋದು ಇದ್ದದ್ದೇ. ನಾನು ಫೈಬರ್ ಮುಖಗಳನ್ನೆಲ್ಲ ಸ್ಕೋಪ್‌ನಲ್ಲಿ ನೋಡಿ ಐಪಿಎ (ಒರೆಸೋಕೆ ಬಳಸುವ ಆಲ್ಕೋಹಾಲ್) ಹಾಕಿ ಒರೆಸಿದೆ. ಡೈ, ಅಂದರೆ ಲೇಸರ್ ಚೂರು, ಕೂತ ಜಾಗವನ್ನು ಮೈಕ್ರೋಸ್ಕೋಪ್‌ನಲ್ಲಿ ಅಳೆದೆ. ಎಲ್ಲಾ ಸರಿ ಇತ್ತು. ಹೊಸ ಲಾಟ್ ಅಂಟು ಬರೋಕೆ ವಾರಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಲೈನ್ ನಿಲ್ಲಿಸೋದೋ ಬೇಡವೋ ಅನ್ನೋದೇ ದೊಡ್ಡ ಚರ್ಚೆಯಾಯಿತು.

ನಮ್ಮ ಲೈನಿನಲ್ಲಿ ಒಬ್ಬರು ಹಿರಿಯ ಆಪರೇಟರ್ ಇದ್ದರು. ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆವು. ಮೀಟಿಂಗ್‌ಗೆ ಅವರನ್ನು ಕರೆದಿರಲಿಲ್ಲ. ಅದು ನನಗೆ ಈಗಲೂ ಸರಿ ಅನ್ನಿಸೋದಿಲ್ಲ. ದಿನವಿಡೀ ಆ ಬ್ಲಾಕುಗಳ ಮುಂದೆ ಕೂತಿರೋದು ಅವರು, ನಾವು ನೋಡೋದು ಎಕ್ಸೆಲ್ ಶೀಟು. ಮೀಟಿಂಗ್ ಮುಗಿಸಿ ಬಂದಾಗ ಅವರು ರಿಜೆಕ್ಟ್ ಬಿನ್‌ನಿಂದ ಬೋರ್ಡುಗಳನ್ನು ತೆಗೆದು ಸ್ಟ್ಯಾಟಿಕ್ ಕರೆಂಟ್ ತಡೆಯುವ ಇಎಸ್‌ಡಿ ಮ್ಯಾಟ್ ಮೇಲೆ ಎಲ್ಲದರ ತುದಿ ಒಂದೇ ಕಡೆ ಬರುವ ಹಾಗೆ ಜೋಡಿಸುತ್ತಿದ್ದರು. ಒಂದೊಂದನ್ನೇ ಮೈಕ್ರೋಸ್ಕೋಪ್ ಅಡಿಗೆ ಇಡೋದು, ಮೇಲಿನಿಂದ ನೋಡದೆ ಬೋರ್ಡನ್ನು ಓರೆ ಮಾಡಿ ಬದಿಯ ಅಂಟನ್ನು ನೋಡೋದು.

'ಇಲ್ಲಿ ನೋಡಪ್ಪ' ಅಂದರು. 'ಎಲ್ಲಾ ಒಂದೇ ಕಡೆ ತಿರುಗಿವೆ. ಬಲಗಡೆ ತುದಿ ಹಿಂದಕ್ಕೆ ಹೋಗಿದೆ. ಅಂಟೇ ಕೆಟ್ಟಿದ್ದರೆ ಒಂದು ಹಿಂದಕ್ಕೆ, ಇನ್ನೊಂದು ಮುಂದಕ್ಕೆ ಹೋಗಬೇಕಿತ್ತು, ಅಲ್ವಾ?'

ನಾನು ನೋಡಿದೆ. ಬೋರ್ಡಿನ ಮೇಲೆ ತಾಮ್ರದ ಗುರುತಿನ ಗೆರೆ ಇರುತ್ತೆ, ಬ್ಲಾಕಿನ ಅಂಚು ಅದಕ್ಕೆ ಸಮನಾಗಿರಬೇಕು. ಎಡ ತುದಿಯಲ್ಲಿ ಸಮನಾಗೇ ಇತ್ತು. ಬಲಕ್ಕೆ ಹೋಗುತ್ತಾ ಹೋಗುತ್ತಾ ಸಂದು ಸಣ್ಣಗೆ ಅಗಲವಾಗಿತ್ತು. ಒಂದರಲ್ಲಲ್ಲ, ಜೋಡಿಸಿಟ್ಟ ಅಷ್ಟರಲ್ಲೂ.

'ಅಕ್ಕ, ನೀವು ಇದನ್ನ ಯಾರಿಗಾದ್ರೂ ಹೇಳಿದ್ರಾ?' ಅಂತ ಕೇಳಿದೆ.

'ಯಾರು ಕೇಳಿದ್ರು?' ಅಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದ್ದು.

ಆಗ ಲೆಕ್ಕ ಹಾಕಿದೆ. ಬಾಗಿಲು ತಿರುಗುವಾಗ ಕೀಲಿನ ಹತ್ತಿರ ಅಲುಗಿದ ಹಾಗೇ ಕಾಣೋದಿಲ್ಲ, ಆದರೆ ಚಿಲಕದ ಕಡೆ ಎಷ್ಟೋ ದೂರ ಹೋಗಿರುತ್ತೆ. ಇಲ್ಲೂ ಹಾಗೇ. ಎಡ ತುದಿ ಕೀಲಾಗಿ ಬ್ಲಾಕ್ ಒಂದು ಡಿಗ್ರಿ ತಿರುಗಿದರೆ, 2.75 ಮಿಲಿಮೀಟರ್ ಆಚೆಯ ಚಾನೆಲ್ 48 ಮೈಕ್ರಾನ್ ಸರಿಯುತ್ತೆ. ಕೋರ್ ಅಗಲವೇ 50. ನಮ್ಮ ಬೋರ್ಡುಗಳು ಒಂದು ಡಿಗ್ರಿ ತಿರುಗಿರಲಿಲ್ಲ, ಅದರಲ್ಲಿ ಒಂದು ಭಾಗ ಅಷ್ಟೇ. ಆದರೂ 2 ಡಿಬಿ ಕಳೆದುಕೊಳ್ಳೋಕೆ ಅಷ್ಟು ಧಾರಾಳವಾಗಿ ಸಾಕು. ಮೊದಲ ಚಾನೆಲ್ ಯಾಕೆ ಸರಿ ಇತ್ತು, ಕೊನೆಯದು ಯಾಕೆ ಹೋಯಿತು ಅನ್ನೋದು ಒಂದೇ ಗೆರೆಯಲ್ಲಿ ಅರ್ಥವಾಯಿತು.

ಎಡ ತುದಿ ಗಟ್ಟಿಯಾಗಿ ನಿಂತಿದೆ, ಬಲ ತುದಿ ಮೆತ್ತಗಿದ್ದು ಆಮೇಲೆ ಸರಿದಿದೆ. ಹಾಗಾದರೆ ಬಲಗಡೆ ಯುವಿ ಸಾಲುತ್ತಿಲ್ಲ. ಯುವಿ ಅಳೆಯುವ ರೇಡಿಯೋಮೀಟರ್ ತರೋಣ ಅಂದರೆ ನಮ್ಮ ಹತ್ತಿರ ಇದ್ದ ಒಂದೇ ಒಂದು ಬೇರೆ ಬಿಲ್ಡಿಂಗ್‌ನಲ್ಲಿತ್ತು. ಅದನ್ನು ತರಿಸಿಕೊಂಡು ಎರಡೂ ಲೈಟ್ ಗೈಡಿನ ತುದಿಗೆ ಹಿಡಿದೆ. ಬಲಗಡೆಯದು ಎಡಗಡೆಯದರ ಅರ್ಧವೂ ಇರಲಿಲ್ಲ. ಗೈಡ್ ಬಿಚ್ಚಿ ಅದರ ತುದಿಯನ್ನು ಮೈಕ್ರೋಸ್ಕೋಪ್ ಅಡಿಗಿಟ್ಟೆವು. ಗಾಜಿನ ಮುಖದ ಮೇಲೆ ತೆಳ್ಳಗೆ, ಹಳದಿ ಮಬ್ಬು. ಅಂಟಿನ ಹಬೆಯೋ ಸಣ್ಣ ಹನಿಯೋ ಹಾರಿ ಕೂತು, ಯುವಿಗೆ ಅಲ್ಲೇ ಬಲಿತು, ಪದರದ ಮೇಲೆ ಪದರವಾಗಿತ್ತು. ಐಪಿಎ ಹಾಕಿ ಉಜ್ಜಿದರೆ ಜಪ್ಪಯ್ಯ ಅಂದರೂ ಬರಲಿಲ್ಲ. ಮೆಷಿನ್ ಇದನ್ನು ಹೇಗೆ ಹೇಳುತ್ತೆ? ಅದು ಎಷ್ಟು ಸೆಕೆಂಡ್ ಲೈಟ್ ಬಿಟ್ಟೆ ಅಂತ ಎಣಿಸುತ್ತೆ. ಎಷ್ಟು ಬೆಳಕು ಅಂಟಿಗೆ ಮುಟ್ಟಿತು ಅಂತ ನೋಡೋದೇ ಇಲ್ಲ. ಅಂಟಿಗೆ ಬೇಕಾದದ್ದು ಬೆಳಕಿನ ತೀವ್ರತೆ ಗುಣಿಸು ಸಮಯ. ಅರ್ಧ ಬೆಳಕಿಗೆ ಅದೇ ಸಮಯ ಕೊಟ್ಟರೆ ಅಂಟು ಮೇಲೆ ಮಾತ್ರ ಕೆನೆಗಟ್ಟಿ, ಒಳಗೆ ಹಸಿಯಾಗೇ ಇರುತ್ತೆ. ಗ್ರಿಪ್ಪರ್ ಬಿಟ್ಟಾಗ ಗೊತ್ತಾಗೋದಿಲ್ಲ. 85 ಡಿಗ್ರಿ ಓವನ್‌ಗೆ ಹೋದ ಮೇಲೆ ಮೊದಲು ಮೆತ್ತಗಾಗಿ ಆಮೇಲೆ ಕುಗ್ಗುತ್ತೆ, ಅಂಟು ಎಲ್ಲಿ ಜಾಸ್ತಿ ಇದೆಯೋ ಆ ಕಡೆಗೆ ಬ್ಲಾಕನ್ನು ಎಳೆದುಕೊಳ್ಳುತ್ತೆ.

ಮೇಲಿನವರಿಗೆ ಇದು ಸಾಕಾಗಲಿಲ್ಲ. 'ಕಾಕತಾಳೀಯ ಇರಬಹುದಲ್ವಾ, ಅಂಟಿನ ಲಾಟೂ ಕೆಟ್ಟಿರಬಹುದು' ಅಂದರು. ಕೇಳಿದ್ದು ತಪ್ಪಲ್ಲ, ಕೇಳಬೇಕಾದದ್ದೇ. ಹಾಗಾಗಿ ನಾವು ಗೈಡ್ ಬದಲಿಸುವ ಮೊದಲು ಇನ್ನೊಂದು ಕೆಲಸ ಮಾಡಿದೆವು. ಎಡದ ಗೈಡನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ, ಅದೇ ಲಾಟಿನ ಅಂಟಲ್ಲೇ ಒಂದು ಟ್ರೇ ಓಡಿಸಿದೆವು. ಅಂಟು ಕಾರಣವಾಗಿದ್ದರೆ ಹಿಂದಿನ ಹಾಗೇ ಕೊನೆಯ ಚಾನೆಲ್ ಬೀಳಬೇಕು. ಗೈಡ್ ಕಾರಣವಾಗಿದ್ದರೆ ಮೊದಲ ಚಾನೆಲ್ ಬೀಳಬೇಕು. ಓವನ್ ಮುಗಿಯೋವರೆಗೆ ನಾನು ಕ್ಯಾಂಟೀನ್ ಕಡೆ ಹೋಗಲೇ ಇಲ್ಲ. ಟ್ರೇ ತಣ್ಣಗಾದ ಮೇಲೆ ಅಕ್ಕನೇ ಒಂದೊಂದನ್ನು ಟೆಸ್ಟರ್‌ಗೆ ಹಾಕುತ್ತಾ ಹೋದರು. ಕೊನೆಯ ಚಾನೆಲ್ ಚೆನ್ನಾಗಿದೆ. ಮೊದಲನೆಯದು ಬಿದ್ದಿದೆ. ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ಬೋರ್ಡುಗಳು ಫೇಲ್ ಆಗುತ್ತಿರೋದನ್ನು ನೋಡಿ ಅಷ್ಟು ಖುಷಿಪಟ್ಟದ್ದು ನನಗೆ ಅದೇ ಮೊದಲು. ಅಕ್ಕ ನನ್ನ ಕಡೆ ತಿರುಗಿ, 'ಆಯ್ತಲ್ಲ, ಇನ್ನು ಅಂಟಿನೋರನ್ನ ಬೈಯೋದು ಬಿಡ್ರಿ' ಅಂದರು.

ಹೊಸ ಗೈಡ್ ಹಾಕಿದ ಮೇಲೆ ರಿಜೆಕ್ಟ್ ಮೊದಲಿನ ಮಟ್ಟಕ್ಕೆ ಇಳಿಯಿತು. ಮಳೆ ಇನ್ನೂ ಸುರಿಯುತ್ತಲೇ ಇತ್ತು, ಅಂಟು ಅದೇ ಲಾಟಿನದು. ಆಮೇಲೆ ಇನ್ನೂ ಕೆಲವು ಬದಲಾವಣೆ ಮಾಡಿಕೊಂಡೆವು. ಶಿಫ್ಟ್ ಶುರುವಾಗುವ ಮೊದಲು ಎರಡೂ ಗೈಡಿನ ಅಳತೆ ಬರೆದಿಡೋದು. ಒಮ್ಮೆಲೇ ಜೋರಾಗಿ ಯುವಿ ಬಿಡದೆ, ಮೊದಲು ಎರಡೂ ಕಡೆ ಮೆಲ್ಲಗೆ ಬಿಟ್ಟು ಅಂಟು ಹಿಡಿದುಕೊಂಡ ಮೇಲೆ ಜಾಸ್ತಿ ಮಾಡೋದು. ಅಂಟು ಗಟ್ಟಿಯಾಗುವವರೆಗೂ ಗ್ರಿಪ್ಪರ್ ಬಿಡದಿರೋದು, ಮೀಟರ್ ಆರಿಸದಿರೋದು. ಈ ಕೊನೆಯದು ತುಂಬಾ ಮುಖ್ಯ. ಅಂಟು ಗಟ್ಟಿಯಾಗುವ ಆ ಕೆಲವು ಸೆಕೆಂಡುಗಳಲ್ಲಿ ಪವರ್ ಹೇಗೆ ಇಳಿಯುತ್ತೆ ಅನ್ನುವ ಗೆರೆಯನ್ನು ನೋಡಿದರೆ ಬೋರ್ಡ್ ಉಳಿಯುತ್ತೋ ಇಲ್ಲವೋ ಅಂತ ಓವನ್‌ಗೆ ಹಾಕುವ ಮೊದಲೇ ಹೆಚ್ಚುಕಡಿಮೆ ಹೇಳಬಹುದು. ಆರು ದಿಕ್ಕಿಗೆ ತಿರುಗುವ ಸ್ಟೇಜಿಗೆ ದುಡ್ಡು ಸುರಿದು, ಯುವಿ ಅಳೆಯುವ ಒಂದು ಸಣ್ಣ ಮೀಟರ್‌ಗೆ ಹಿಂದೆಮುಂದೆ ನೋಡುವ ಕಂಪನಿಗಳು ಎಷ್ಟೋ ಇವೆ. ಹೊಂದಿಸೋಕೆ ಕೊಟ್ಟಷ್ಟೇ ಗಮನ ಹಿಡಿದಿಡೋಕೂ ಕೊಡಬೇಕು ಅನ್ನೋದಕ್ಕೆ ನಾನು ಅಂದಿನಿಂದ ಹಟ ಹಿಡಿಯುತ್ತೇನೆ. ರಿವ್ಯೂ ಮೀಟಿಂಗ್‌ಗೆ ಆಪರೇಟರ್ ಒಬ್ಬರನ್ನಾದರೂ ಕೂರಿಸಿಕೊಳ್ಳದೆ ನಾನು ಶುರು ಮಾಡೋದಿಲ್ಲ.

ಈಗ ನಾನು ಮಾಡುತ್ತಿರೋದು ಸಿಂಗಲ್ ಮೋಡ್ ಕೆಲಸ, 1310 ನ್ಯಾನೋಮೀಟರ್. ಅಲ್ಲಿ ಫೈಬರ್ ಒಳಗೆ ಬೆಳಕು ಹಿಡಿಯುವ ಜಾಗವೇ 9 ಮೈಕ್ರಾನ್ ಸುತ್ತಮುತ್ತ. ಮೇಲೆ ಹೇಳಿದೆನಲ್ಲ, ಅಂಚು ಹುಡುಕಿ ನಡುವೆ ನಿಲ್ಲೋದು ಅಂತ, ಇಲ್ಲಿ ಆ ಸಮತಟ್ಟು ಜಾಗವೇ ಇಲ್ಲ. ಚೂಪಾದ ಒಂದು ತುದಿ, ಒಂದು ಮೈಕ್ರಾನ್ ಸರಿದರೂ ಮೀಟರ್ ಹೇಳುತ್ತೆ. ಹಳೆಯ ಹಾಗೆ ಲೆನ್ಸನ್ನು ನೇರ ಬೋರ್ಡಿಗೇ ಅಂಟಿಸಿದರೆ ಬಿಸಿಗೆ ಬೋರ್ಡ್ ಹಿಗ್ಗೋದೇ ಎಲ್ಲಾ ಕೆಡಿಸುತ್ತೆ. ಎಫ್‌ಆರ್4, ಅಂದರೆ ಗಾಜಿನ ನೂಲು ಮತ್ತು ಎಪಾಕ್ಸಿಯ ಮಾಮೂಲಿ ಬೋರ್ಡ್, ಒಂದು ಡಿಗ್ರಿಗೆ ಮೀಟರ್‌ಗೆ 14ರಿಂದ 17 ಮೈಕ್ರಾನ್ ಹಿಗ್ಗುತ್ತೆ, ಲೇಸರ್ ಕೂತ ಅಲ್ಯೂಮಿನಿಯಂ ನೈಟ್ರೈಡ್ ಅನ್ನುವ ಸೆರಾಮಿಕ್‌ನ ತುಂಡು ಅದರ ಮೂರನೇ ಒಂದು ಭಾಗದಷ್ಟೇ. ಹಾಗಾಗಿ ಲೇಸರ್ ಮತ್ತು ಲೆನ್ಸ್ ಎರಡನ್ನೂ ಅದೇ ತುಂಡಿನ ಮೇಲೆ ಕೂರಿಸಿ, ಆಮೇಲೆ ಇಡೀ ತುಂಡನ್ನು ಬೋರ್ಡಿಗೆ ಹಾಕುತ್ತಿದ್ದೇವೆ. ಲೆನ್ಸ್ ಸಣ್ಣದು, ಅದರ ಕೆಳಗಿನ ಅಂಟನ್ನು ಎಷ್ಟು ತೆಳ್ಳಗೆ ಮಾಡಬಹುದು ಅನ್ನೋದರ ಮೇಲೆ ಈ ವಾರವೆಲ್ಲ ಟ್ರಯಲ್ ನಡೆಯುತ್ತಿದೆ.