ಬಾಕ್ಸ್ ಇಳಿಸೋ ಮೊದಲು ಲಿವರ್ ಎತ್ತಿ ನೋಡಿ

ಹಳೇ ಕಾರಿನ ಗೇರು ಸಿಕ್ಕಿಹಾಕಿಕೊಂಡಿದೆ ಅಂತ ಗ್ಯಾರೇಜಿಗೆ ಫೋನ್ ಮಾಡಿ ನೋಡಿ. ಕಾರನ್ನ ನೋಡೋ ಮೊದಲೇ ಬರೋ ಮಾತು, "ಬಾಕ್ಸ್ ಇಳಿಸ್ಬೇಕು ಸಾರ್." ಬಾಕ್ಸ್ ಅಂದ್ರೆ ಗೇರ್‌ಬಾಕ್ಸ್. ಯಾವ ಗೇರಲ್ಲಿ ನಿಂತಿದೆ, ಕ್ಲಚ್ ಬಿಡ್ತಾ ಇದೆಯಾ, ಲಿವರ್ ಯಾವ ಕಡೆಗೆ ಅಲ್ಲಾಡುತ್ತೆ, ಒಂದನ್ನೂ ಕೇಳಲ್ಲ. ಇಳಿಸೋದು ಅಂದ್ರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಕೆಳಗಿನ ಕ್ರಾಸ್‌ಮೆಂಬರ್ ತೆಗೀಬೇಕು, ಬೆಲ್ ಹೌಸಿಂಗಿನ ತುಕ್ಕು ಹಿಡಿದ ಬೋಲ್ಟುಗಳ ಜೊತೆ ಗುದ್ದಾಡಬೇಕು. ಎಷ್ಟೋ ಸಲ ಅದರ ಅಗತ್ಯವೇ ಇರಲ್ಲ. ಇದನ್ನ ಹೇಳೋಕೇ ಈ ಪೋಸ್ಟ್.

ನಮ್ಮದು ಕಾಂಟೆಸ್ಸಾ ಕ್ಲಾಸಿಕ್. ಸ್ಪೋರ್ಟ್ಸ್ ಕಾರು ಅಂದ್ರೆ ಬೆಂಗಳೂರಿನ ಹುಡುಗರು ನಗಬಹುದು, ನಗಲಿ. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್‌ನ ಮೈಕಟ್ಟು ತಂದು ಹಿಂದೂಸ್ತಾನ್ ಮೋಟರ್ಸ್‌ನವರು 1984ರಲ್ಲಿ ಬಿಟ್ಟ ಗಾಡಿ. ಮೊದಮೊದಲು ಅಷ್ಟು ದೊಡ್ಡ ದೇಹಕ್ಕೆ ಅಂಬಾಸಿಡರ್‌ನ ಎಂಜಿನ್ ಹಾಕಿ ಮರ್ಯಾದೆ ತೆಗೆದಿದ್ದರು. ಆಮೇಲೆ ಇಸುಜು 1.8 ಪೆಟ್ರೋಲ್ ಎಂಜಿನ್ನು, ಐದು ಗೇರಿನ ಬಾಕ್ಸು ಬಂದ ಮೇಲೆ ಅದರ ಗತ್ತೇ ಬೇರೆ. ಹಿಂದಿನ ಚಕ್ರಕ್ಕೆ ಪವರ್ರು, ಉದ್ದ ಬಾನೆಟ್ಟು, ಜೋಡಿ ಹೆಡ್‌ಲೈಟು. ಅಡಿಕೆಗೆ ಒಳ್ಳೆ ರೇಟಿದ್ದ ವರ್ಷ ಅಪ್ಪಯ್ಯ ತಂದಿದ್ದು. ಮಾರೋಣ ಅಂತ ಮನೆಯಲ್ಲಿ ಆಗಾಗ ಮಾತು ಬರುತ್ತೆ, ನಾನು ಎದ್ದು ತೋಟಕ್ಕೆ ಹೋಗ್ತೀನಿ.

ದೀಪಾವಳಿ ಕಳೆದ ಮೇಲೆ ಅಡಿಕೆಯ ಸ್ಯಾಂಪಲ್ ಹಿಡಿದುಕೊಂಡು ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಮಂಡಿಗೆ ಹೊರಟಿದ್ದೆ. ಮಂಡಗದ್ದೆ ಹತ್ತಿರ ಒಂದು ಬಸ್ಸನ್ನ ಹಿಂದೆ ಹಾಕೋಕೆ ಎರಡನೇ ಗೇರಲ್ಲಿ ಎಳೆದು ಮೂರಕ್ಕೆ ಹಾಕಿದೆ, ಹೋಗಲಿಲ್ಲ. ಲಿವರ್ ನೋಡಿದ್ರೆ ನ್ಯೂಟ್ರಲ್‌ನಲ್ಲಿದ್ದ ಹಾಗಿದೆ. ಕ್ಲಚ್ ಬಿಟ್ಟರೆ ಗಾಡಿ ಎರಡನೇ ಗೇರಲ್ಲೇ ಎಳೀತಿದೆ. ಲಿವರ್ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ ನೋಡಿದೆ, ಹಾಗೇ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಗೇರು ಸಿಕ್ಕಿಕೊಂಡಿತು ಅಂತ ನಾವು ಹೇಳೋ ಕಾಯಿಲೆ ಎರಡು ಥರ. ಎಂಜಿನ್ ಓಡುವಾಗ ಗೇರು ಬೀಳಲ್ಲ, ಆಫ್ ಮಾಡಿದ್ರೆ ಬೆಣ್ಣೆ ಹಾಗೆ ಎಲ್ಲ ಗೇರೂ ಬೀಳುತ್ತೆ ಅಂದ್ರೆ ತಪ್ಪು ಕ್ಲಚ್ಚಿಂದು. ಮಲೆನಾಡಲ್ಲಿ ಇದು ಮಾಮೂಲು. ಜೂನ್‌ನಲ್ಲಿ ಟಾರ್ಪಾಲು ಹೊದಿಸಿ ಕೊಟ್ಟಿಗೆ ಪಕ್ಕ ನಿಲ್ಲಿಸಿದ ಗಾಡಿ, ಮಳೆ ಬಿಟ್ಟ ಮೇಲೆ ತೆಗೆದ್ರೆ ಕ್ಲಚ್ ಪ್ಲೇಟು ತುಕ್ಕಿನಲ್ಲಿ ಫ್ಲೈವೀಲಿಗೆ ಅಂಟಿಕೊಂಡಿರುತ್ತೆ. ಪೆಡಲ್ ಒತ್ತಿದ್ರೂ ಬಿಡಲ್ಲ. ನಮ್ಮಲ್ಲಿ ಪೆಡಲ್ ಪೂರ್ತಿ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಅಡಿಕೆ ದಬ್ಬೆ ಕೊಟ್ಟು ರಾತ್ರಿ ಹಾಗೇ ಬಿಡ್ತೀವಿ. ಬೆಳಿಗ್ಗೆಗೆ ಬಿಟ್ಟುಕೊಂಡರೆ ಪುಣ್ಯ.

ಎಂಜಿನ್ ಆಫ್ ಇದ್ದಾಗಲೂ ಲಿವರ್ ಅಲ್ಲಾಡಲ್ಲ, ಆದ್ರೆ ಕ್ಲಚ್ ಒತ್ತಿಕೊಂಡು ತಳ್ಳಿದ್ರೆ ಗಾಡಿ ಉರುಳುತ್ತೆ ಅಂದ್ರೆ ಕ್ಲಚ್ ಸರಿ ಇದೆ, ತೊಂದರೆ ಗೇರು ಹಾಕೋ ಕಡೆ. ನನ್ನದು ಇದು. ಇಳಿಜಾರಲ್ಲಿ ಗೇರಲ್ಲೇ ನಿಲ್ಲಿಸಿದ ಗಾಡಿಯಾದ್ರೆ ಇನ್ನೊಂದು ನೋಡಬೇಕು. ಗೇರನ್ನ ಹಿಡಿದುಕೊಳ್ಳೋ ಹಲ್ಲುಗಳನ್ನ, ಭಾರ ಬಿದ್ದಾಗ ತಾನಾಗಿ ಜಾರಿ ಹೊರಗೆ ಬರಬಾರದು ಅಂತ, ಸ್ವಲ್ಪ ಓರೆಯಾಗೇ ಕಡೆದಿರ್ತಾರೆ. ಗಾಡಿಯ ಭಾರ ಅದರ ಮೇಲೆ ಕೂತಿದ್ರೆ ಎಷ್ಟು ಎಳೆದ್ರೂ ಬರಲ್ಲ. ಕ್ಲಚ್ ಒತ್ತಿ, ಗಾಡಿಯನ್ನ ಹಿಂದೆ ಮುಂದೆ ತೂಗಿಸ್ತಾ ಲಿವರ್ ಎಳೆದ್ರೆ ಅಷ್ಟಕ್ಕೇ ಬಿಟ್ಟುಕೊಳ್ಳೋದುಂಟು. ಅದನ್ನೂ ಮಾಡಿದೆ, ಆಗಲಿಲ್ಲ.

ಎರಡನೇ ಗೇರಲ್ಲೇ ಶಿವಮೊಗ್ಗಕ್ಕೆ ಹೊರಟೆ. ಕ್ಲಚ್ ಒತ್ತಿಕೊಂಡೇ ಸ್ಟಾರ್ಟ್ ಮಾಡಬೇಕು, ನಿಧಾನ ಬಿಡಬೇಕು, ಆಮೇಲೆ ಆದಷ್ಟೂ ನಿಲ್ಲಿಸಬಾರದು. 30ರ ಮೇಲೆ ಹೋಗದ ಹಾಗೆ ಸಕ್ರೆಬೈಲು ದಾಟಿ ಗಾಜನೂರು ಮುಟ್ಟೋ ಹೊತ್ತಿಗೆ ಹಿಂದೆ ಒಂದು ಮೆರವಣಿಗೆಯೇ ಆಗಿತ್ತು. ಮಂಡಗದ್ದೆಯಲ್ಲಿ ಹಿಂದೆ ಹಾಕಿದ್ದ ಅದೇ ಬಸ್ಸು ಹಾರ್ನ್ ಹೊಡೀತಾ ಮುಂದೆ ಹೋಯಿತು. ಡ್ರೈವರ್ ಕೈ ತೋರಿಸಿ ಏನೋ ಅಂದ. ಕೇಳಿಸಲಿಲ್ಲ, ಅರ್ಥವಾಯಿತು.

ಊರೊಳಗಿನ ಮೊದಲ ಗ್ಯಾರೇಜಿನಲ್ಲಿ ಬಾಕ್ಸ್ ಇಳಿಸೋದಕ್ಕೆ ಹೇಳಿದ ರೇಟಿಗೆ ನಾಲ್ಕು ಟೈರು ಬರ್ತಿತ್ತು. ಅದರ ಮೇಲೆ "ಪಾರ್ಟ್ ಸಿಗಲ್ಲ, ಬೇರೆ ಬಾಕ್ಸೇ ಹುಡುಕ್ಬೇಕು" ಅಂತ ಹೆದರಿಕೆ ಬೇರೆ. ಅಲ್ಲಿಂದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಬಂದೆ. ಅಲ್ಲಿ ಜೀಪುಗಳನ್ನೇ ಮಾಡಿ ತಲೆ ಹಣ್ಣಾದ ಒಬ್ಬರು ಮೇಸ್ತ್ರಿ ಇದ್ದಾರೆ. ನಾನು ಹೇಳೋದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಗೌಡ್ರೇ, ಎರಡರಿಂದ ಮೂರಕ್ಕೆ ಹಾಕುವಾಗ ಆಗಿದ್ದಾ?"

"ಹೌದು."

"ಹಂಗಾದ್ರೆ ಮೇಲಿಂದಾನೇ ಆಗುತ್ತೆ, ಕೂತ್ಕಳಿ. ಟೀ ಹೇಳಿ."

ಹಿಂದಿನ ಚಕ್ರಕ್ಕೆ ಪವರ್ ಹೋಗೋ, ನೆಲದಲ್ಲಿ ಲಿವರ್ ಇರೋ ಗಾಡಿಗಳಲ್ಲಿ ಇದೇ ಅನುಕೂಲ. ಬಾಕ್ಸು ಲಿವರ್ ಕೆಳಗೇ ಇರುತ್ತೆ, ಲಿವರಿನ ತುದಿ ನೇರ ಒಳಗೆ ಇಳಿದಿರುತ್ತೆ. ಮುಂದಿನ ಚಕ್ರಕ್ಕೆ ಪವರ್ ಹೋಗೋ ಮಾರುತಿ 800 ಥರದ್ದಾದ್ರೆ ಲಿವರಿಗೂ ಬಾಕ್ಸಿಗೂ ನಡುವೆ ಇರೋ ರಾಡು, ಬುಷ್‌ಗಳನ್ನ ಮೊದಲು ನೋಡಬೇಕು. ಪದ್ಮಿನಿಯಂಥ ಸ್ಟೀರಿಂಗ್ ಗೇರಿಗೆ ಬಾನೆಟ್ ಎತ್ತಿ ಲಿಂಕೇಜ್ ನೋಡಬೇಕು. ನಮ್ಮದಕ್ಕೆ ಕನ್ಸೋಲ್ ಬಿಚ್ಚಿ, ರಬ್ಬರ್ ಬೂಟ್ ಮೇಲೆತ್ತಿದ್ರೆ ಸಾಕು. ಮೇಸ್ತ್ರಿ ಮೊದಲು ಬ್ಯಾಟರಿಯ ಟರ್ಮಿನಲ್ ತೆಗೆಸಿದರು. ಬೂಟಿನ ಅಡಿ ವರ್ಷಗಳ ಮಣ್ಣು, ಒಣಗಿದ ಎಲೆ, ಒಂದು ಅಡಿಕೆ ಗೋಟು. ಅದನ್ನೆಲ್ಲ ಬ್ರಷ್ಷಲ್ಲಿ ಗುಡಿಸಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಆದ ಮೇಲೇ ಬೋಲ್ಟಿಗೆ ಸ್ಪ್ಯಾನರ್ ಹಾಕಿದ್ದು. ಅವಸರ ಮಾಡಿದ್ರೆ ಆ ಮಣ್ಣೆಲ್ಲ ಬಾಕ್ಸಿನ ಒಳಗೆ.

ಲಿವರ್ ಎತ್ತಿ ಟಾರ್ಚ್ ಬಿಟ್ಟು "ಬನ್ನಿ, ನೋಡಿ" ಅಂದರು. ಒಳಗೆ ಪಕ್ಕಪಕ್ಕ ಮೂರು ತುಂಡು, ಎಣ್ಣೆಯಲ್ಲಿ ಮಿರಿಮಿರಿ. ಒಂದು ಒಂದು-ಎರಡಕ್ಕೆ, ಒಂದು ಮೂರು-ನಾಲ್ಕಕ್ಕೆ, ಇನ್ನೊಂದು ಐದಕ್ಕೆ ಮತ್ತು ರಿವರ್ಸಿಗೆ. ಪ್ರತಿಯೊಂದರಲ್ಲೂ ಲಿವರಿನ ತುದಿ ಕೂರೋಕೆ ಒಂದು ಕಚ್ಚು ಕಡೆದಿರುತ್ತೆ. ನ್ಯೂಟ್ರಲ್‌ನಲ್ಲಿ ಆ ಮೂರೂ ಒಂದೇ ಗೆರೆಗೆ ಬರಬೇಕು. ನಮ್ಮದರಲ್ಲಿ ಎರಡು ಸಾಲಾಗಿದ್ದವು, ಒಂದು ಮಾತ್ರ ಮುಂದೆ ಹೋಗಿ ನಿಂತಿತ್ತು. ಎರಡನೇ ಗೇರಿಗೆ ಕೈ ಹಿಂದಕ್ಕೆ ಎಳೆಯುತ್ತೆ, ಲಿವರಿನ ತುದಿ ಒಳಗೆ ಮುಂದಕ್ಕೆ ಹೋಗುತ್ತೆ. ಅಲ್ಲಿಗೆ ಕಥೆ ಪೂರ್ತಿ ಗೊತ್ತಾಯಿತು. ನಾನು ಮೂರಕ್ಕೆ ಹಾಕುವಾಗ ಎರಡನೇ ಗೇರು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಸವೆದ ತುದಿ ಅಲ್ಲಿಂದ ಜಾರಿ ಪಕ್ಕದ್ದಕ್ಕೆ ಹಾರಿದೆ. ಹಾರಿದ ಮೇಲೆ ಆ ಪಕ್ಕದ ತುಂಡನ್ನ ಅಲ್ಲಾಡಿಸೋಕೆ ಇಂಟರ್‌ಲಾಕ್ ಪಿನ್ ಬಿಡಲ್ಲ. ಒಟ್ಟಿಗೆ ಎರಡು ಗೇರು ಬಿದ್ದರೆ ಬಾಕ್ಸು ಹಿಡಿದುಕೊಂಡು ಹಲ್ಲು ಪುಡಿಯಾಗುತ್ತೆ, ಅದಕ್ಕೇ ಆ ಪಿನ್ ಇರೋದು. ಒಂದೇ ಬಚ್ಚಲಿರೋ ಕೂಡುಕುಟುಂಬದ ಹಾಗೆ: ಒಬ್ಬರು ಹೊರಗೆ ಬರೋ ತನಕ ಉಳಿದವರು ಟವೆಲ್ ಹಿಡಿದು ಕಾಯಬೇಕು. ಅಂದ್ರೆ ಬಾಕ್ಸ್ ಕೆಟ್ಟಿರಲಿಲ್ಲ, ತನ್ನ ಕೆಲಸ ಸರಿಯಾಗೇ ಮಾಡ್ತಿತ್ತು.

ರಂಧ್ರದ ಸುತ್ತ ಬಟ್ಟೆ ತುರುಕಿ (ಒಂದು ವಾಷರ್ ಒಳಗೆ ಬಿದ್ದರೂ ಆಗ ನಿಜವಾಗಿ ಇಳಿಸಬೇಕಾಗುತ್ತೆ), ದಪ್ಪ ಸ್ಕ್ರೂಡ್ರೈವರ್ ಇಟ್ಟು ಹಿಂದಕ್ಕೆ ಮೀಟಿದರು. ಬರಲಿಲ್ಲ. ಹುಡುಗನಿಗೆ ಗಾಡಿಯನ್ನ ಸ್ವಲ್ಪ ಸ್ವಲ್ಪ ತೂಗಿಸು ಅಂದರು, ನಾನು ಕ್ಲಚ್ ಒತ್ತಿ ಹಿಡಿದೆ. ಟಕ್ ಅಂತ ಸದ್ದು. ತುಂಡನ್ನ ಅದರ ಜಾಗದಲ್ಲಿ ಹಿಡಿದಿಡೋ ಸ್ಪ್ರಿಂಗಿನ ಗುಂಡು ಗುಳಿಗೆ ಬಿದ್ದ ಸದ್ದು ಅದು. ಮೂರೂ ಒಂದೇ ಗೆರೆಗೆ ಬಂದವು. ಟೀ ಇನ್ನೂ ಬಂದಿರಲಿಲ್ಲ.

ಬರದೇ ಹೋಗಿದ್ರೆ ಒಳಗೆ ಗೇರು ಹಾಕೋ ಫೋರ್ಕ್ ಬಾಗಿದೆ, ಇಲ್ಲಾ ಗೇರು ಸದ್ದಿಲ್ಲದೆ ಬೀಳೋಕೆ ವೇಗ ಹೊಂದಿಸೋ ಸಿಂಕ್ರೋದ ತುಂಡು ಮುರಿದು ಸಿಕ್ಕಿಕೊಂಡಿದೆ ಅಂತ ಲೆಕ್ಕ. ಆಗ ಇಳಿಸೋದು ಬಿಟ್ಟು ದಾರಿ ಇಲ್ಲ.

ಅಷ್ಟಕ್ಕೇ ಲಿವರ್ ಕೂರಿಸಿ ಕಳಿಸಿದ್ರೆ ಮುಂದಿನ ಏರಲ್ಲಿ ಅದೇ ಕಥೆ. ಲಿವರಿನ ತುದಿಯ ನೈಲಾನ್ ಬುಷ್ ಸೀಳಿ ಅರ್ಧ ಉದುರಿಹೋಗಿತ್ತು. ಹೊಸದು ಎಲ್ಲೂ ಸಿಗಲಿಲ್ಲ. ಪಕ್ಕದ ಲೇತಿನವರು ನೈಲಾನ್ ರಾಡಿಂದ ಕಡೆದು ಕೊಟ್ಟರು. ಮೊದಲು ಕಡೆದದ್ದು ಬಿಗಿಯಾಗಿ ಲಿವರ್ ತಾನಾಗಿ ನಡುವಿಗೆ ಬರ್ತಿರಲಿಲ್ಲ, ಮತ್ತೆ ಚೂರು ಕೆರೆಸಿದೆವು. ಇನ್ನೊಂದನ್ನ ಮಾಡಿಸಿ ಡ್ಯಾಶ್‌ಬೋರ್ಡಲ್ಲಿ ಇಟ್ಟಿದ್ದೀನಿ.

ಬಾಕ್ಸಿನ ಆಯಿಲನ್ನೂ ಬದಲಿಸಿದೆವು. ಇದನ್ನ ಮನೆಯಲ್ಲೇ ಮಾಡೋರು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚುತ್ತೆ ಅಂತ ಖಾತ್ರಿ ಮಾಡಿಕೊಂಡೇ ಕೆಳಗಿನ ಡ್ರೈನ್ ಬೋಲ್ಟಿಗೆ ಕೈ ಹಾಕಿ. ಹಳೇದೆಲ್ಲ ಸುರಿಸಿ ಆದ ಮೇಲೆ ಮೇಲಿನದು ಬಿಚ್ಚದೇ ಹೋದ್ರೆ ಖಾಲಿ ಬಾಕ್ಸ್ ಇಟ್ಟುಕೊಂಡು ಕೂರಬೇಕು. ಇಳಿದ ಆಯಿಲಲ್ಲಿ ಬೂದು ಬಣ್ಣದ ನುಣ್ಣನೆ ಪುಡಿ ಇತ್ತು. ಅದು ಸಹಜ ಸವೆತ. ಚೂರುಗಳು ಇದ್ದಿದ್ರೆ ಚಿಂತೆ ಮಾಡಬೇಕಿತ್ತು.

ಎಲ್ಲ ಸರಿಹೋಯಿತು ಅಂತಲೂ ಅಲ್ಲ. ಬೆಳಿಗ್ಗೆ ತಣ್ಣಗಿರುವಾಗ ಎರಡನೇ ಗೇರಿಗೆ ಹಾಕಿದ್ರೆ ಈಗಲೂ ಸಣ್ಣಕೆ ಕರ್ ಅನ್ನುತ್ತೆ, ಬಿಸಿಯಾದ ಮೇಲೆ ಇಲ್ಲ. ಮೇಸ್ತ್ರಿಗೆ ತೋರಿಸಿದೆ. "ಸಿಂಕ್ರೋ ರಿಂಗ್ ಸವೆದಿದೆ ಗೌಡ್ರೇ, ಅದಕ್ಕೆ ಮಾತ್ರ ಇಳಿಸ್ಲೇಬೇಕು" ಅಂದರು. ಯಾವಾಗ ಅಂತ ಕೇಳಿದೆ. "ಕೊಯ್ಲು ಮುಗೀಲಿ, ರೇಟ್ ನೋಡ್ಕಂಡು ಬನ್ನಿ."